ಸುಟ್ಟ ಕಾರಿನ ಮೂತಿ

ಸೂಲಿಬೆಲೆ ರಸ್ತೆಯ ನೀಲಗಿರಿ ತೋಪಿನಲ್ಲಿ ಕಾರೊಂದು ಸುಟ್ಟು ಬಿದ್ದಿದೆ ಎಂಬ ಸುದ್ದಿ ಸೋಮವಾರ ಬೆಳಿಗ್ಗೆ ಠಾಣೆಗೆ ಬಂತು. ಕುರಿ ಹೊಡೆದುಕೊಂಡು ಹೋಗಿದ್ದ ಅಮ್ಮಯಮ್ಮ ಎಂಬ ಹೆಂಗಸು ಅದನ್ನು ಮೊದಲು ನೋಡಿದ್ದಳು. ಒಳಗೆ ಹೆಣ ಇದ್ದೀತೆಂಬ ಹೆದರಿಕೆಗೆ ಆಕೆ ಹತ್ತಿರ ಸುಳಿದಿರಲಿಲ್ಲ.

ಒಳಗೆ ಯಾರೂ ಇರಲಿಲ್ಲ. ಸಬ್ ಇನ್‌ಸ್ಪೆಕ್ಟರ್ ಭಾನುಪ್ರಿಯಾ ಕಾರಿನ ಸುತ್ತ ನಿಧಾನವಾಗಿ ನಡೆದಳು. ಎರಡೇ ಬಾಗಿಲಿನ ತಗ್ಗಾದ ಸ್ಪೋರ್ಟ್ಸ್ ಕಾರು. ಮುಂಭಾಗ ಕರಗಿ ಬರೀ ಕಬ್ಬಿಣ ಉಳಿದಿತ್ತು. ಹಿಂದಕ್ಕೆ ಹೋದಂತೆ ಬೆಂಕಿ ಸೋತಿತ್ತು. ಡಿಕ್ಕಿಗೆ ಬರೀ ಮಸಿ ಹಿಡಿದಿತ್ತು.

"ಕಾರು ಸುಡೋರು ಸೀಟಿನ ಮೇಲಲ್ವಾ ಪೆಟ್ರೋಲ್ ಸುರಿಯೋದು?" ಎಂದಳು ಭಾನುಪ್ರಿಯಾ.

ಹೆಡ್ ಕಾನ್‌ಸ್ಟೆಬಲ್ ಭೀಮರಾಜ್ ಬಗ್ಗಿ ನೋಡಿದ. ಇದಕ್ಕೆ ಮೂತಿಯಲ್ಲೇ ಬೆಂಕಿ ಹಚ್ಚಿದ್ದಾರೆ ಎಂದ. ಬಾಗಿಲುಗಳು ಲಾಕ್ ಆಗಿದ್ದವು. ಒಡೆದ ಕಿಟಕಿಯಿಂದ ಇಣುಕಿದರೆ ಹ್ಯಾಂಡ್‌ಬ್ರೇಕಿನ ಕಬ್ಬಿಣ ಮೇಲಕ್ಕೆ ಎತ್ತಿಕೊಂಡೇ ಇತ್ತು. ಹಿಂದಿನ ಚಕ್ರಗಳು ಉರುಳಿರಲಿಲ್ಲ, ಕೆಮ್ಮಣ್ಣಿನಲ್ಲಿ ಉಳುಮೆಯ ಸಾಲಿನ ಹಾಗೆ ಎರಡು ಗೆರೆ ಕೊರೆದಿದ್ದವು. ಪಕ್ಕದಲ್ಲಿ ದೊಡ್ಡ ಗಾಡಿಯೊಂದರ ಜೋಡಿ ಟೈರಿನ ಗುರುತು.

ಮಾಲೀಕ ಯಾರೆಂದು ಹುಡುಕಬೇಕಾಗಿರಲಿಲ್ಲ. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಮನೋಹರ್ ಹಿಂದಿನ ಸಂಜೆಯೇ ಠಾಣೆಗೆ ಬಂದು ಕಾರು ಕಳುವಾಗಿದೆ ಎಂದು ದೂರು ಕೊಟ್ಟಿದ್ದ. ಈಗ ಅವನನ್ನು ತೋಪಿಗೆ ಕರೆಸಿದರು. ಅವನು ಬಂದ, ನಿಂತ, ನೋಡಿದ. ಗೋಳಾಡಲಿಲ್ಲ. ಬಹಳ ಹೊತ್ತು ಹೊತ್ತ ಮೂಟೆ ಇಳಿಸಿದವನ ಹಾಗೆ ಅವನ ಹೆಗಲು ಸಡಿಲವಾಯಿತು. ಭಾನುಪ್ರಿಯಾ ಅದನ್ನು ಗಮನಿಸಿದಳು. ಅವನು ತಲೆಯೆತ್ತಿ ಅವಳನ್ನು ನೋಡಿದ. ಕೂಡಲೇ ಕಣ್ಣು ತಪ್ಪಿಸಿದ.

ತಪ್ಪು ಮಾಡಿದವನ ಮುಖ ಅದು. ಹನ್ನೆರಡು ವರ್ಷದ ನೌಕರಿಯಲ್ಲಿ ಅವಳಿಗೆ ಆ ಮುಖದ ಪರಿಚಯ ಚೆನ್ನಾಗಿತ್ತು.

* * *

ಮನೋಹರನ ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡು. ಗೋಡೆಯ ತುಂಬ ಸ್ಪ್ಯಾನರುಗಳು ಅಳತೆಯ ಪ್ರಕಾರ ನೇತಾಡುತ್ತಿದ್ದವು. ನೆಲ ಒರೆಸಿದ ಅಡುಗೆಮನೆಯಂತಿತ್ತು.

ಅವನ ಹೆಂಡತಿ ಸಿಂಚನ ಕಾಫಿ ತಂದುಕೊಟ್ಟು ಕಾರಿನ ಕಥೆ ಹೇಳಿದಳು. ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡದ್ದು. ಕೊಂಡ ದಿನದಿಂದ ಗಂಡ ಮನೆಯಲ್ಲಿ ಇದ್ದದ್ದಕ್ಕಿಂತ ಶೆಡ್ಡಿನಲ್ಲಿ ಇದ್ದದ್ದೇ ಹೆಚ್ಚು. ಬ್ರೇಕು ಬದಲಾಯಿಸಿದ, ಸೀಟು ಬದಲಾಯಿಸಿದ, ಟರ್ಬೊ ದೊಡ್ಡದು ಹಾಕಿದ. ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ನಿನ ಲೆಕ್ಕಾಚಾರವನ್ನೇ ತಿದ್ದಿದ. ಭಾನುವಾರ ಬಂತೆಂದರೆ ಹೊಸ ಹೆದ್ದಾರಿಯಲ್ಲಿ ಒಂದು ಸುತ್ತು. ವಾಪಸು ಬಂದಾಗ ಅವನ ಮುಖ ನೋಡಬೇಕಿತ್ತು, ಮದುವೆಯ ದಿನವೂ ಅಷ್ಟು ಬೆಳಕಿರಲಿಲ್ಲ ಎಂದು ಸಿಂಚನ ಸಣ್ಣಗೆ ನಕ್ಕಳು.

ನಿನ್ನೆ ಇಬ್ಬರೂ ನೆಲಮಂಗಲದ ಕಡೆ ನೆಂಟರ ನಿಶ್ಚಿತಾರ್ಥಕ್ಕೆ ಹೋಗಿದ್ದರು. ಮಧ್ಯಾಹ್ನ ಕಾರು ಸಾಗಿಸುವ ಲಾರಿಯೊಂದು ಬಂದು ಕಾರನ್ನು ಎಳೆದು ಹತ್ತಿಸಿಕೊಂಡು ಹೋಯಿತು. ಅಕ್ಕಪಕ್ಕದವರೆಲ್ಲ ನೋಡಿದ್ದರು. ಆ ಕಾರು ಲಾರಿಯ ಮೇಲೆ ಗ್ಯಾರೇಜಿಗೆ ಹೋಗುವುದು ಹೊಸದೇನಲ್ಲ. ಹಾಗಾಗಿ ಯಾರೂ ಕೇಳಲಿಲ್ಲ.

ಇನ್ಶೂರೆನ್ಸ್ ಆಸೆಗೆ ಇವನೇ ಸುಡಿಸಿರಬಹುದೆ ಎಂಬುದು ಭೀಮರಾಜನ ಅನುಮಾನ. ಸಿಂಚನ ಇಲ್ಲವೆಂದು ತಲೆಯಾಡಿಸಿದಳು. ಇಷ್ಟೊಂದು ಬದಲಾವಣೆ ಮಾಡಿದ ಗಾಡಿಗೆ ಕಂಪನಿಯವರು ಪೂರ್ತಿ ವಿಮೆ ಕೊಟ್ಟಿರಲಿಲ್ಲ. ಸುಟ್ಟರೆ ಬಿಡಿಗಾಸೂ ಬರುವುದಿಲ್ಲ.

"ಈಚೆಗೆ ಓಡಿಸೋದೇ ಬಿಟ್ಬಿಟ್ಟಿದ್ರು ಮೇಡಂ," ಎಂದಳು ಆಕೆ ತಗ್ಗಿದ ದನಿಯಲ್ಲಿ. "ಸುಮ್ನೆ ಒರೆಸ್ತಾ ಕೂತಿರೋರು. ಮಾರಿದವರೇ ಬಂದು ವಾಪಸ್ ಕೊಡಿ ಅಂದ್ರೂ ಕೊಡಲಿಲ್ಲ."

ಮಾರಿದವನ ಹೆಸರು ಶ್ರೀಧರ್. ದೇವನಹಳ್ಳಿಯಲ್ಲಿ ಲೇಔಟು ಮಾಡಿ ಸೈಟು ಮಾರುವವನು. ಕಳೆದ ತಿಂಗಳಲ್ಲಿ ಎರಡು ಸಲ ಬಂದಿದ್ದ.

ಭಾನುಪ್ರಿಯಾ ಮನೋಹರನ ಕಡೆ ತಿರುಗಿದಳು. "ಡಿಕ್ಕಿ ತೆಗೆಸಿ ನೋಡಿದೆ, ಮುಚ್ಚಳದ ಒಳಗಡೆ ಬಣ್ಣ ನೀಲಿ ಇದೆ. ನೀವು ದೂರಿನಲ್ಲಿ ಬೂದಿ ಬಣ್ಣದ ಕಾರು ಅಂತ ಬರೆದಿದ್ದೀರಿ."

"ನಾನು ತಗೊಳ್ಳೋವಾಗಲೇ ಬೂದಿ ಬಣ್ಣ ಹೊಡೆಸಿದ್ರು," ಎಂದ ಅವನು. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟ. ಕುಡಿದಿರಲಿಲ್ಲ.

* * *

ಜೀಪಿನಲ್ಲಿ ನೀಲಿ ಬಣ್ಣ ಭಾನುಪ್ರಿಯಾಳ ತಲೆಯೊಳಗೆ ಕೂತುಬಿಟ್ಟಿತ್ತು.

ಎರಡು ವರ್ಷದ ಹಿಂದೆ, ಮಾಗಿಯ ಒಂದು ಮುಂಜಾನೆ, ಇದೇ ರಸ್ತೆಯಲ್ಲಿ ಪಿಳ್ಳಣ್ಣ ಎಂಬ ರೈತ ಸತ್ತಿದ್ದ. ದ್ರಾಕ್ಷಿ ತೋಟಕ್ಕೆ ನಡೆದು ಹೋಗುತ್ತಿದ್ದಾಗ ಯಾವುದೋ ಗಾಡಿ ಹೊಡೆದಿತ್ತು. ಅವಳು ಹೋಗುವಷ್ಟರಲ್ಲಿ ಜನ ಒಬ್ಬನನ್ನು ಹಿಡಿದು ಕೂರಿಸಿದ್ದರು. ಟೊಮೆಟೊ ಸಾಗಿಸುತ್ತಿದ್ದ ಟೆಂಪೋ ಚಾಲಕ ಆದಿನಾರಾಯಣಪ್ಪ. ಅವನ ಬಟ್ಟೆಗೆ ರಕ್ತ ಮೆತ್ತಿತ್ತು. ಟೆಂಪೋದ ಒಂದು ದೀಪ ಒಡೆದಿತ್ತು. ಬಿದ್ದವನನ್ನು ಎತ್ತಲು ನಿಲ್ಲಿಸಿದೆ ಎಂದು ಅವನು ಕೈಮುಗಿದ. ನೆಲಕ್ಕೆ ಅಂಟಿಕೊಂಡಂಥ ನೀಲಿ ಕಾರೊಂದು ಗುಡುಗಿನ ಹಾಗೆ ಸದ್ದು ಮಾಡಿಕೊಂಡು ಹೋಯಿತು ಎಂದ. ದೀಪ ಒಡೆದು ವಾರವಾಯಿತು ಎಂದ.

ಆ ಮಂಜಿನಲ್ಲಿ ಕಾರಿನ ಬಣ್ಣ ಕಂಡಿತೇ ಎಂದು ಅವಳು ಕೇಳಿದ್ದಳು. ಸುತ್ತಲಿದ್ದವರು ನಕ್ಕಿದ್ದರು. ಒಂದು ವಾರದ ಮೇಲೆ ಅವನ ವಿರುದ್ಧ ಆರೋಪಪಟ್ಟಿಗೆ ಸಹಿ ಹಾಕಿದವಳು ಅವಳೇ. ಕೇಸು ಇನ್ನೂ ನಡೆಯುತ್ತಿತ್ತು. ಅವನು ಟೆಂಪೋ ಮಾರಿದನೆಂದು ಯಾರೋ ಹೇಳಿದ್ದರು. ಅವಳು ಕೇಳಿಸಿಕೊಂಡು ಸುಮ್ಮನಿದ್ದಳು.

"ಭೀಮರಾಜ್, ಆ ಲಾರಿ ಹುಡುಕ್ರಿ. ಇವತ್ತೇ," ಎಂದಳು.

ಲಾರಿ ಸಿಕ್ಕಿತು. ವಿಜಯಪುರದ ದಾರಿಯ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಕಾರು ಹೊತ್ತ ಲಾರಿ ಕಂಡಿತು. ಚಾಲಕ ಗೋವಿಂದರಾಜು ಏನನ್ನೂ ಮುಚ್ಚಿಡಲಿಲ್ಲ. ಶ್ರೀಧರ್ ಅಣ್ಣ ತಮ್ಮದೇ ಕಾರು ಎಂದಿದ್ದರು, ತೋಪಿನ ಹತ್ತಿರ ಇಳಿಸಿ ಹೋಗು, ಗಿರಾಕಿ ಅಲ್ಲಿಗೇ ಬರುತ್ತಾರೆ ಎಂದಿದ್ದರು. ಇಳಿಸಿ ಬಂದೆ, ಬೆಂಕಿಯ ವಿಷಯ ನನಗೆ ಗೊತ್ತಿಲ್ಲ ಎಂದ.

ಶ್ರೀಧರನ ಆಫೀಸಿನಲ್ಲಿ ಏಸಿ ತಣ್ಣಗೆ ಬೀಸುತ್ತಿತ್ತು. ಅವನು ಗಾಬರಿಯಾಗಲಿಲ್ಲ. ಲಾರಿ ಕಳಿಸಿದ್ದು ನಾನೇ ಎಂದು ಒಪ್ಪಿಕೊಂಡ. ಆದರೆ ಕಳಿಸು ಎಂದವನು ಮನೋಹರ್ ಎಂದ. ಹೆಂಡತಿಯ ಕಾಟ ತಾಳಲಾರದೆ ಕಾರನ್ನು ತೊಲಗಿಸಬೇಕೆಂದು ಅವನೇ ಫೋನ್ ಮಾಡಿದ, ಹಳೆಯ ಸ್ನೇಹಕ್ಕೆ ಸಹಾಯ ಮಾಡಿದೆ, ಮುಂದೆ ಅವನೇ ಬೆಂಕಿ ಹಚ್ಚಿಕೊಂಡಿರಬೇಕು ಎಂದ. ತನ್ನ ಮೊಬೈಲನ್ನು ಮುಂದಕ್ಕೆ ತಳ್ಳಿದ. ಮನೋಹರನ ನಂಬರಿನಿಂದ ಕರೆಗಳು ಬಂದಿದ್ದವು. ಸುಳ್ಳಲ್ಲ.

ಹೊರಗೆ ಬಂದ ಮೇಲೆ ಭೀಮರಾಜ್ ಕೇಳಿದ, ಮನೋಹರನನ್ನು ಎಳೆದು ತರೋಣವೇ ಎಂದು.

"ನಾನೇ ಹೋಗ್ತೀನಿ," ಎಂದಳು ಭಾನುಪ್ರಿಯಾ. ಒಮ್ಮೆ ಆತುರಪಟ್ಟಿದ್ದಳು. ಇನ್ನೊಮ್ಮೆ ಆಗಬಾರದಿತ್ತು.

* * *

ಮನೋಹರ್ ಖಾಲಿ ಶೆಡ್ಡಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಭಾನುಪ್ರಿಯಾ ಒಂದು ಸ್ಟೂಲು ಎಳೆದುಕೊಂಡಳು.

"ಕಾರು ಸುಟ್ಟಿದ್ದು ನೀವಲ್ಲ, ನಂಗೊತ್ತು," ಎಂದಳು. "ಆದ್ರೆ ನಿಮ್ಮ ಮುಖ ಯಾಕೆ ಹಿಂಗಿದೆ? ಶ್ರೀಧರ್‌ಗೆ ಯಾಕೆ ಫೋನ್ ಮಾಡಿದ್ರಿ?"

ಅವನು ಎದ್ದು ಏಣಿ ಹಾಕಿ ಅಟ್ಟಕ್ಕೆ ಹತ್ತಿದ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯ ಕಬ್ಬಿಣದ ಪಟ್ಟಿಯೊಂದನ್ನು ಇಳಿಸಿದ. ಬಂಪರಿನ ಹಿಂದೆ ಇರುವ ಪಟ್ಟಿ ಅದು. ನಡುವೆ ಒಳಕ್ಕೆ ಬಾಗಿತ್ತು, ತಟ್ಟಿ ನೇರ ಮಾಡಲು ನೋಡಿದ್ದರು. ಅದರ ಮೇಲೆ ನೀಲಿ ಬಣ್ಣ ಹಾಗೇ ಇತ್ತು. ಆಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಮುಚ್ಚಳ ತೆಗೆದ. ಒಳಗೆ ಅರ್ಧ ಕನ್ನಡಕ. ಒಂದು ಗಾಜು, ಕಿವಿಗೆ ಸಿಕ್ಕಿಸುವ ಒಂದು ಕಡ್ಡಿ. ಕಡ್ಡಿ ಕೂಡುವ ಜಾಗದಲ್ಲಿ ಕೆಂಪು ನೈಲಾನ್ ದಾರ ಸುತ್ತಿತ್ತು.

ಭಾನುಪ್ರಿಯಾ ಡಬ್ಬಿಯ ಮೇಲೆ ಬಗ್ಗಿದಳು. ಆ ದಾರ ಅವಳು ನೋಡಿದ್ದೇ. ಪಿಳ್ಳಣ್ಣನ ಕನ್ನಡಕದ ಇನ್ನೊಂದು ಅರ್ಧ ರಸ್ತೆಯಲ್ಲಿ ಸಿಕ್ಕಿತ್ತು, ಅದರ ಕಡ್ಡಿಗೂ ಇದೇ ದಾರ. ದ್ರಾಕ್ಷಿ ಬಳ್ಳಿ ಕಟ್ಟುವ ದಾರದಿಂದ ಅವರೇ ಕಟ್ಟಿಕೊಂಡದ್ದು ಎಂದು ಅವನ ಹೆಂಡತಿ ಕದಿರಮ್ಮ ಅಂದೇ ಹೇಳಿದ್ದಳು. ಉಳಿದರ್ಧ ಎಲ್ಲಿ ಎಂದು ಕೇಳಿದ್ದಳು. ಟೆಂಪೋ ಅಡಿಯಲ್ಲಿ ಪುಡಿಯಾಗಿರಬೇಕು ಎಂದು ಭಾನುಪ್ರಿಯಾ ಸಮಾಧಾನ ಹೇಳಿದ್ದಳು.

ಮನೋಹರ್ ಗೋಡೆಗೆ ಒರಗಿ ನಿಂತು ಹೇಳತೊಡಗಿದ. ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದೊಡ್ಡದು ಹಾಕಬೇಕಿತ್ತು. ಅದಕ್ಕಾಗಿ ಬಂಪರು ಬಿಚ್ಚಿದ. ಪಟ್ಟಿ ಬಾಗಿತ್ತು, ರೇಡಿಯೇಟರಿನ ಕೆಳಗೆ ಕನ್ನಡಕ ಸಿಕ್ಕಿಕೊಂಡಿತ್ತು. ಶ್ರೀಧರನನ್ನು ಕೇಳಿದರೆ ನಾಯಿ ಅಡ್ಡ ಬಂದಿತ್ತು ಎಂದ. ನಾಯಿ ಕನ್ನಡಕ ಹಾಕುವುದಿಲ್ಲ ಎಂದು ಮನೋಹರನಿಗೂ ಗೊತ್ತಿತ್ತು. ಹೊಸ ಪಟ್ಟಿ ತರಿಸಿ ಹಾಕಿದ. ಹಳೆಯದನ್ನು ಎಸೆಯಲು ಧೈರ್ಯ ಬರಲಿಲ್ಲ.

"ಪೊಲೀಸ್‌ಗೆ ಕೊಟ್ರೆ ಕಾರು ಸ್ಟೇಷನ್ ಮುಂದೆ ನಿಂತು ತುಕ್ಕು ಹಿಡಿಯತ್ತೆ ಅಂತ ಸುಮ್ಮನಾದೆ ಮೇಡಂ. ಅಷ್ಟೇ. ಬೇರೆ ಕಾರಣ ಇಲ್ಲ."

ಆಮೇಲೆ ಕಾರ್ಖಾನೆಯ ಗೇಟಿಗೆ ಹೊಸ ಸೆಕ್ಯುರಿಟಿಯವನು ಬಂದ. ಮುಂಚೆ ಟೆಂಪೋ ಓಡಿಸುತ್ತಿದ್ದೆ, ಮಾಡದ ತಪ್ಪಿಗೆ ಕೋರ್ಟು ಅಲೆಯುತ್ತಿದ್ದೇನೆ ಎಂದು ಒಂದು ದಿನ ಟೀ ಕುಡಿಯುವಾಗ ಹೇಳಿದ. ನೀಲಿ ಕಾರಿನ ವಿಷಯ ಹೇಳಿದ. ಅವನೇ ಆದಿನಾರಾಯಣಪ್ಪ. ಅಂದಿನಿಂದ ಮನೋಹರ್ ಕಾರು ಓಡಿಸಲಿಲ್ಲ. ಆದರೆ ಬಾಯೂ ಬಿಡಲಿಲ್ಲ. ಬೆಳಿಗ್ಗೆ ಅವನ ಸೆಲ್ಯೂಟು, ಸಂಜೆ ಅವನ ಸೆಲ್ಯೂಟು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಕೊನೆಗೆ ಶ್ರೀಧರನಿಗೆ ಫೋನ್ ಮಾಡಿ, ನೀನಾಗಿ ಹೋಗಿ ಒಪ್ಪಿಕೋ, ಇಲ್ಲದಿದ್ದರೆ ನಾನು ಹೋಗುತ್ತೇನೆ ಎಂದ. ಶ್ರೀಧರ್ ಕಾರು ವಾಪಸು ಕೇಳಿದ. ಇವನು ಕೊಡಲಿಲ್ಲ.

"ಹೋಗ್ತೀನಿ ಅಂದವರು ಹೋಗಲಿಲ್ಲವಲ್ಲ," ಎಂದಳು ಭಾನುಪ್ರಿಯಾ.

"ನಾಳೆ ಹೋಗೋಣ, ನಾಳೆ ಹೋಗೋಣ ಅನ್ಕೊಂಡೆ. ಕಾರು ಸುಟ್ಟಿದ್ದು ನೋಡಿದಾಗ, ಇನ್ನು ಯಾರಿಗೂ ಹೇಳಬೇಕಾಗಿಲ್ಲ ಅನ್ಸಿತು. ಒಂದು ಕ್ಷಣ ಖುಷಿನೇ ಆಯ್ತು. ಅದೇ ನಂಗೆ ಅಸಹ್ಯ ಆಗ್ತಿದೆ."

* * *

ಮಾರನೆಯ ದಿನ ಠಾಣೆಯಲ್ಲಿ ಶ್ರೀಧರ್ ವಕೀಲರ ಜೊತೆ ಬಂದು ಕಾಲ ಮೇಲೆ ಕಾಲು ಹಾಕಿ ಕೂತ. ಮನೋಹರ್ ಮೂಲೆಯಲ್ಲಿ ನಿಂತಿದ್ದ.

ಭಾನುಪ್ರಿಯಾ ದನಿ ಏರಿಸದೆ ವಿವರಿಸಿದಳು. ಮನೋಹರನೇ ಕಾರು ಒಯ್ಯಲು ಹೇಳಿದ್ದರೆ ಕೀಲಿ ಕೊಟ್ಟಿರುತ್ತಿದ್ದ. ಕೀಲಿ ಇದ್ದಿದ್ದರೆ ಬಾಗಿಲು ತೆಗೆದು ಹ್ಯಾಂಡ್‌ಬ್ರೇಕು ಇಳಿಸಿ ಕಾರನ್ನು ಉರುಳಿಸಬಹುದಿತ್ತು. ಆದರೆ ಚಕ್ರಗಳು ಉರುಳಿಲ್ಲ. ಲಾಕ್ ಆದ ಕಾರನ್ನು ಸರಪಳಿ ಹಾಕಿ ದರದರನೆ ಎಳೆದಿದ್ದಾರೆ. ಅಷ್ಟು ಪ್ರೀತಿಯಿಂದ ಇಟ್ಟುಕೊಂಡ ಟೈರುಗಳನ್ನು ಹಾಗೆ ಉಜ್ಜಲು ಮನೋಹರ್ ಬಿಡುವವನಲ್ಲ. ಅಂದರೆ ಅವನಿಗೆ ತಿಳಿಯದಂತೆ ಒಯ್ದದ್ದು. ಇನ್ನು ಬೆಂಕಿ. ಕಳ್ಳನಾದರೆ ಚಕ್ರ, ಸೀಟು ಬಿಚ್ಚಿಕೊಂಡು ಹೋಗುತ್ತಿದ್ದ. ದ್ವೇಷ ಇದ್ದವನು ಸೀಟಿಗೆ ಬೆಂಕಿ ಇಡುತ್ತಿದ್ದ. ಇಲ್ಲಿ ಮೂತಿಯನ್ನಷ್ಟೇ ಹುಡುಕಿ ಸುಟ್ಟಿದ್ದಾರೆ. ಕಾರಿನ ಮೂತಿಗೆ ಹೆದರಬೇಕಾದವನು ಒಬ್ಬನೇ. ಆ ಮೂತಿಯಿಂದ ಒಬ್ಬ ಮನುಷ್ಯನನ್ನು ಹೊಡೆದು, ನೀಲಿ ಕಾರನ್ನು ಬೂದಿ ಬಣ್ಣ ಮಾಡಿಸಿ ಮಾರಿದವನು.

"ಎಲ್ಲ ಸುಟ್ಟ ಮೇಲೆ ಇದನ್ನ ಹೆಂಗೆ ಸಾಬೀತು ಮಾಡ್ತೀರಾ ಮೇಡಂ?" ಎಂದ ಶ್ರೀಧರ್.

ಭೀಮರಾಜ್ ಬೆಡ್‌ಶೀಟಿನ ಗಂಟು ಬಿಚ್ಚಿ ಕಬ್ಬಿಣದ ಪಟ್ಟಿಯನ್ನು ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಕನ್ನಡಕದ ಎರಡು ಅರ್ಧಗಳು. ಒಂದು ರಸ್ತೆಯದು, ಒಂದು ರೇಡಿಯೇಟರಿನ ಕೆಳಗಿನದು. ಮೂಗಿನ ಮೇಲೆ ಮುರಿದ ಜಾಗ ಒಂದಕ್ಕೊಂದು ಕೂಡಿತು.

"ನೀವು ಸುಟ್ಟಿದ್ದು ಇವರು ಹಾಕಿಸಿದ ಹೊಸ ಸಾಮಾನು," ಎಂದಳು ಭಾನುಪ್ರಿಯಾ. "ನಿಮ್ಮ ಸಾಮಾನು ಅಟ್ಟದ ಮೇಲಿತ್ತು."

ಶ್ರೀಧರ್ ಕಾಲು ಕೆಳಗಿಳಿಸಿದ. ವಕೀಲರ ಕಡೆ ನೋಡಿದ. ವಕೀಲರು ಕನ್ನಡಕವನ್ನೇ ನೋಡುತ್ತಿದ್ದರು. ಕೊನೆಗೆ ಶ್ರೀಧರ್, ಮಂಜು ದಟ್ಟವಾಗಿತ್ತು, ನಿಲ್ಲಿಸೋಣ ಅಂದುಕೊಂಡೆ, ಹಿಂದೆ ಟೆಂಪೋ ದೀಪ ಕಂಡಿತು, ಅವರು ನೋಡಿಕೊಳ್ಳುತ್ತಾರೆ ಅಂದುಕೊಂಡು ಹೋದೆ ಎಂದು ಮೇಜಿಗೆ ಹೇಳುವವನಂತೆ ಹೇಳಿದ.

ಅವನನ್ನು ಒಳಗೆ ಕರೆದುಕೊಂಡು ಹೋದರು. ಸಾಕ್ಷ್ಯ ಬಚ್ಚಿಟ್ಟದ್ದಕ್ಕೆ ಅವನ ಮೇಲೂ ಕೇಸಾಗುತ್ತದೆ ಎಂದು ಮನೋಹರನಿಗೆ ತಿಳಿಸಿದರು. ಅವನು ತಲೆಯಾಡಿಸಿ, ಎಲ್ಲಿ ಸಹಿ ಹಾಕಬೇಕು ಎಂದಷ್ಟೇ ಕೇಳಿದ.

* * *

ಅಂದು ಮಧ್ಯಾಹ್ನ ಭಾನುಪ್ರಿಯಾ ಒಬ್ಬಳೇ ಪಿಲ್ಲಗುಂಪೆಗೆ ಹೋದಳು. ಕಾರ್ಖಾನೆಯ ಗೇಟಿನ ಹತ್ತಿರ ಆದಿನಾರಾಯಣಪ್ಪ ಅವಳನ್ನು ಕಂಡು ಅಭ್ಯಾಸಬಲದಿಂದ ಎದ್ದು ನಿಂತ. ಅವಳು ಕೂರಲು ಹೇಳಿದಳು. ಅವನು ಕೂರಲಿಲ್ಲ.

ಅವಳು ನಡೆದದ್ದೆಲ್ಲ ಹೇಳಿದಳು. ಕೋರ್ಟಿಗೆ ನಾನೇ ಬರೆದುಕೊಡುತ್ತೇನೆ, ಕೇಸು ಬಿದ್ದುಹೋಗುತ್ತದೆ ಎಂದಳು. ಅಂದು ಅವನ ಮಾತು ಕೇಳಬೇಕಿತ್ತು, ಕೇಳಲಿಲ್ಲ, ತಪ್ಪು ತನ್ನದು ಎಂದಳು. ಇಷ್ಟು ಹೇಳುವುದಕ್ಕೆ ಅವಳಿಗೆ ದಾರಿಯುದ್ದಕ್ಕೂ ತಯಾರಿ ಬೇಕಾಗಿತ್ತು.

ಆದಿನಾರಾಯಣಪ್ಪ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಮನೋಹರ್ ಸಾರ್‌ಗೆ ಗೊತ್ತಿತ್ತಾ ಮೇಡಂ? ನಾನೇ ಅಂತ?"

"ಗೊತ್ತಿತ್ತು."

ಅವನು ರಸ್ತೆಯ ಕಡೆ ನೋಡಿದ.

"ದಿನಾ ಊಟ ಆಯ್ತಾ ಅಂತ ಕೇಳೋರು," ಎಂದ. "ಒಂದಿನಾನೂ ತಪ್ಪಿಸ್ತಿರಲಿಲ್ಲ."

ಲಾರಿಯೊಂದು ಬಂದು ಹಾರ್ನ್ ಹೊಡೆಯಿತು. ಅವನು ಟೋಪಿ ಹಾಕಿಕೊಂಡು ಗೇಟು ತೆಗೆಯಲು ಹೋದ. ಭಾನುಪ್ರಿಯಾ ಜೀಪು ಹತ್ತಿದಳು. ಇನ್ನು ಪಿಳ್ಳಣ್ಣನ ಹೆಂಡತಿ ಕದಿರಮ್ಮನ ಮನೆಗೆ ಹೋಗಬೇಕಿತ್ತು.