ಹನ್ನೊಂದು ಜೊತೆ ಬೂಟು

ಶನಿವಾರ ಮಧ್ಯಾಹ್ನ ಒಂದೂವರೆ. ಚನ್ನಮಲ್ಲಪ್ಪನವರು ಕಚೇರಿಯಿಂದ ಬಂದವರೇ ಹಿತ್ತಲಿನ ಸೌದೆ ಕೋಣೆಯ ಚಿಲಕ ತೆಗೆದರು. ಒಳಗೊಂದು ಗೋಣಿಚೀಲವಿರಬೇಕಿತ್ತು. ಚೀಲದಲ್ಲಿ ಹನ್ನೊಂದು ಜೊತೆ ಫುಟ್‌ಬಾಲ್ ಬೂಟುಗಳಿರಬೇಕಿತ್ತು. ಸೌದೆ ಇತ್ತು, ತೆಂಗಿನಗರಿ ಇತ್ತು. ಚೀಲ ಇರಲಿಲ್ಲ.

“ಕಲ್ಯಾಣೀ!”

ಆ ಕೂಗು ಪಕ್ಕದ ಮನೆಯಲ್ಲಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ನನಗೂ ಕೇಳಿಸಿತು. ಬೇಲಿ ಹಾರಿ ಓಡಿದೆ.

ಚನ್ನಮಲ್ಲಪ್ಪನವರು ನಮ್ಮ ರಾಜಾಜಿನಗರ ಫ್ರೆಂಡ್ಸ್ ಕ್ಲಬ್ಬಿನ ಕಾರ್ಯದರ್ಶಿ. ೧೯೫೬ರ ಆ ವರ್ಷ ನಗರದ ಲೀಗಿಗೆ ಸೇರಿಸಿಕೊಳ್ಳಿರೆಂದು ಅರ್ಜಿ ಹಾಕಿದ್ದರು. ಅದೇ ದಿನ ನಾಲ್ಕು ಗಂಟೆಗೆ ಲೀಗಿನ ಇಬ್ಬರು ಮಹನೀಯರು ಮೈದಾನ ನೋಡಲು ಬರುವವರಿದ್ದರು. ಮಟ್ಟಸವಾದ ನೆಲ, ಕಂಬಗಳಿಗೆ ಬಲೆ, ಹನ್ನೊಂದೂ ಜನರ ಕಾಲಲ್ಲಿ ಬೂಟು: ಇವು ಲೀಗಿನ ಷರತ್ತುಗಳು. ಬರಿಗಾಲ ಆಟ ಇನ್ನು ನಡೆಯದು. ಆ ಮಹನೀಯರಲ್ಲೊಬ್ಬರು ಮೂಗಿನಿಂದ “ನೋ ಬೂಟ್ಸ್, ನೋ ಲೀಗ್” ಎಂದಿದ್ದನ್ನು ನಾನು ತಿಂಗಳಿಡೀ ಹಾಗೇ ಅಂದು ತೋರಿಸಿ ನಗಿಸಿದ್ದೆ. ನಮ್ಮ ತಾಲೀಮಿಗೆ ಬೂಟಾಟಿಕೆ ಎಂದು ಹೆಸರಿಟ್ಟವನೂ ನಾನೇ. ಆ ಗಳಿಗೆಯಲ್ಲಿ ಮಾತ್ರ ಯಾವ ಮಾತೂ ಹೊಳೆಯಲಿಲ್ಲ. ಬೂಟು ಸಿಗದೆ ಗಂಟೆ ನಾಲ್ಕು ಹೊಡೆದರೆ ಅರ್ಜಿ ಕಸದ ಬುಟ್ಟಿಗೆ.

“ಹನ್ನೆರಡಕ್ಕೆ ನೋಡಿದೀನಿ, ಇತ್ತು,” ಎಂದರು ಅವರ ಹೆಂಡತಿ ಕಲ್ಯಾಣಮ್ಮ. “ಚೀಲಾನ ಸೌದೆ ಮ್ಯಾಲಿಟ್ಟು ನೆಲ ಸಾರಿಸಿದೆ. ತೊಗಲು ಅಂತ ಮನೆಯೊಳಗೆ ಇಡಿಸ್ಕೊಳ್ಳಲಿಲ್ಲ. ಅದೇ ತಪ್ಪಾತು ನೋಡ್ರಿ.”

ಸಗಣಿ ಸಾರಿಸಿದ ನೆಲ ಆಗಷ್ಟೇ ಒಣಗಿತ್ತು. ಅದರ ಮೇಲೆ ಸಾಲಾಗಿ ಹೆಜ್ಜೆಗಳು. ಒಳಗೆ ಹೋದವು ತೆಳು, ಹೊರಗೆ ಬಂದವು ಆಳ. ಎಲ್ಲವೂ ಬರಿಗಾಲಿನವು.

“ಬರಿಗಾಲು!” ಚನ್ನಮಲ್ಲಪ್ಪನವರು ಹಲ್ಲು ಕಡಿದರು. “ಇನ್ಯಾರು? ಮುನಿರಾಜು!”

ಕುರುಬರಹಳ್ಳಿಯ ಮುನಿರಾಜು ನಮ್ಮ ಬ್ಯಾಕ್. ಅವನನ್ನು ದಾಟಿ ಚೆಂಡು ಹೋದದ್ದನ್ನು ನಾನು ಕಂಡಿದ್ದು ಅಪರೂಪ. ಹುಟ್ಟಿದಾಗಿನಿಂದ ಕಾಲಿಗೆ ಚಪ್ಪಲಿಯನ್ನೂ ತೊಡದವನು. ಬೂಟು ಹಾಕಿದರೆ ಓಡಲಾರ, ಹಾಕದಿದ್ದರೆ ಲೀಗಿಗಿಲ್ಲ. ಹಾಗಾಗಿ ಅವನನ್ನು ಬಿಟ್ಟು ಅವನ ಜಾಗಕ್ಕೆ ನನ್ನನ್ನು ಹಾಕಿದ್ದರು. ನಾನೋ, ಚೆಂಡಿಗಿಂತ ಮಾತನ್ನೇ ಚೆನ್ನಾಗಿ ಒದೆಯುವವನು.

ನನ್ನ ಸೋದರಮಾವ ಕೃಷ್ಣಯ್ಯನವರನ್ನು ಕರೆತಂದೆ. ಪೊಲೀಸಿನ ಬೆರಳಚ್ಚು ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು.

“ಕೈಬೆರಳಿಗೆ ಸಂಬಳ ತಗೊಂಡ್ರಿ ಮಾವ. ಕಾಲ್ಬೆರಳಿಗೆ ಈಗ ಪಿಂಚಣಿ,” ಎಂದೆ.

“ಬಾಯಿ ಮುಚ್ಚೋ,” ಎಂದು ಅವರು ಹೊಸ್ತಿಲಲ್ಲೇ ಕುಕ್ಕರುಗಾಲಲ್ಲಿ ಕೂತರು. ಒಂದು ಹೆಜ್ಜೆಯನ್ನು ಬಹಳ ಹೊತ್ತು ನೋಡಿದರು. ಗರಿಯಿಂದ ಕಡ್ಡಿ ಸೀಳಿ ಬೆರಳುಗಳ ಬುಡದ ಅಗಲಕ್ಕೆ ಮುರಿದು ಜೇಬಿಗೆ ಹಾಕಿಕೊಂಡರು.

ಎರಡು ಗಂಟೆಗೆ ಹುಡುಗರು ಬಂದರು. ಎಲ್ಲರಿಗಿಂತ ಮುಂದೆ ನಾಯಕ ಪಂಚಾಕ್ಷರಿ, ಗೋಲು ಹೊಡೆಯುವ ಜಾಣ, ಬಿಳಿ ಕ್ಯಾನ್ವಾಸ್ ಷೂ ತೊಟ್ಟವನು. ಎಲ್ಲರಿಗಿಂತ ಹಿಂದೆ, ಆಡದಿದ್ದರೂ, ಮುನಿರಾಜು.

ಚನ್ನಮಲ್ಲಪ್ಪನವರು ಅವನ ಅಂಗಿ ಹಿಡಿದರು. “ಎಲ್ಲಿಟ್ಟಿದೀ?”

“ಏನ್ನ ಸಾರ್?”

“ಬೂಟು!”

“ನಂಗ್ಯಾಕ್ ಸಾರ್ ಬೂಟು? ಹಾಕ್ಕೊಂಡ್ರೆ ಎತ್ತಿಗೆ ಲಾಳ ಹೊಡ್ದಂಗಾಯ್ತದೆ.”

“ಅದಕ್ಕೇ ಕದ್ದಿದೀಯ! ಹಾಳಾಗ್ಹೋಗ್ಲಿ ಈ ಬೂಟು ಅಂತ ಮೊನ್ನೆ ಅಂದಿದ್ದು ಯಾರು?”

“ಅಂದೆ. ಬೇಜಾರಿಗೆ ಅಂದೆ.”

“ಹನ್ನೆರಡರಿಂದ ಎಲ್ಲಿದ್ದೆ?” ಕೇಳಿದ್ದು ಕೃಷ್ಣಯ್ಯನವರು.

“ಮೈದಾನದಲ್ಲಿ ಸಾರ್. ಕಂಬಕ್ಕೆ ಬಲೆ ಕಟ್ತಿದ್ದೆ.”

“ಯಾರಾದ್ರೂ ನೋಡಿದ್ರಾ?”

“ಬಿಸ್ಲಲ್ಲಿ ಯಾರ್ ಬರ್ತಾರೆ ಸಾರ್?”

“ಪೊಲೀಸಿಗೆ ಹೇಳ್ತೀನಿ,” ಎಂದರು ಚನ್ನಮಲ್ಲಪ್ಪನವರು. “ಇನ್ಮೇಲೆ ಮೈದಾನದ ಹತ್ರ ಕಾಲಿಟ್ರೆ ನೋಡು!”

ಮುನಿರಾಜು ಸುತ್ತ ನೋಡಿದ. ಗೆಳೆಯರೆಲ್ಲ ಬೇರೆಲ್ಲೋ ನೋಡುತ್ತಿದ್ದರು. ನಾನೂ. ಅವನ ಕಣ್ಣು ಕೆಂಪಾದವು.

ಕೃಷ್ಣಯ್ಯನವರು ಕಲ್ಯಾಣಮ್ಮನವರತ್ತ ತಿರುಗಿದರು. “ಹುಡುಗ್ರಿಗೆ ತಿಂಡಿ ಮಾಡಿದೀರಾಮ್ಮ?”

“ಉಪ್ಪಿಟ್ಟಿದೆ.”

“ಹಾಕ್ಬಿಡಿ.”

“ಇಂಥಾ ಹೊತ್ನಾಗ ಉಪ್ಪಿಟ್ಟೇನ್ರೀ?” ಚನ್ನಮಲ್ಲಪ್ಪನವರು ಸಿಡಿದರು.

“ಹೊಟ್ಟೆ ಕೇಳುತ್ತೆ ಸ್ವಾಮಿ. ಎಲ್ರೂ ಕಾಲ್ತೊಳ್ಕೊಂಡು ಒಳಗೆ ನಡೀರಪ್ಪ. ಮುನಿರಾಜು, ನೀನೂ.”

ಹಿತ್ತಲ ಬಾಗಿಲಿಗೆ ಉದ್ದನೆಯ ಕಲ್ಲುಚಪ್ಪಡಿ. ಪಕ್ಕದಲ್ಲಿ ನೀರಿನ ತೊಟ್ಟಿ. ಒಬ್ಬೊಬ್ಬರೇ ಕಾಲಿಗೆ ನೀರು ಹುಯ್ದುಕೊಂಡು ಚಪ್ಪಡಿ ತುಳಿದು ಒಳಗೆ ಹೋದೆವು. ಮಾವ ಅಲ್ಲೇ ಕೂತು ನಶ್ಯ ಏರಿಸುತ್ತಿದ್ದರು. ಕಲ್ಲು ಕಾದಿತ್ತು, ಒಬ್ಬನ ಹೆಜ್ಜೆ ಆರುವುದರೊಳಗೆ ಇನ್ನೊಬ್ಬನದು. ಒಮ್ಮೆ ಮಾತ್ರ ಅವರು ಬಗ್ಗಿ ಜೇಬಿನ ಕಡ್ಡಿಯನ್ನು ಕಲ್ಲಿನ ಮೇಲಿಟ್ಟು ತೆಗೆದರು.

ಎಲೆ ಮುಂದೆ ಕೂತಾಗ ಅವರು ಸಲುಗೆಯಿಂದ ಕೇಳಿದರು. “ಪಂಚಾಕ್ಷರಿ, ಬೂಟು ನಿಂಗೇನೂ ಕಷ್ಟ ಇಲ್ಲ ಅಲ್ವಾ?”

“ಇಲ್ಲ ಸಾರ್. ಹಾಸ್ಟೆಲ್ ಸ್ಕೂಲಲ್ಲಿ ಓದಿದ್ದು. ಏಳನೇ ವರ್ಷದಿಂದ ಷೂ.”

“ಉಳಿದೋರು?”

“ಮೂರು ತಿಂಗಳು,” ಎಂದೆವು ಒಟ್ಟಿಗೆ.

“ಚೀಲ ತುಂಬಾ ಭಾರ ಇತ್ತೇನಪ್ಪ, ಪಂಚಾಕ್ಷರಿ?”

ಅವನ ಕೈಯ ತುತ್ತು ಎಲೆಗೆ ಬಿತ್ತು.

“ಏನ್ ಹೇಳ್ತಿದೀರಿ?” ಚನ್ನಮಲ್ಲಪ್ಪನವರು ಎದ್ದರು. “ಅವನು ಕ್ಯಾಪ್ಟನ್ನು! ಅವನಿಗ್ಯಾಕೆ?”

“ಯಾಕೆ ಅಂತ ಅವನೇ ಹೇಳ್ಲಿ. ಯಾರು ಅಂತ ನಾನು ಹೇಳ್ತೀನಿ. ನೀವೆಲ್ಲ ಬರಿಗಾಲು ಅನ್ನೋದು ನೋಡಿದ್ರಿ. ಕಾಲು ನೋಡ್ಲಿಲ್ಲ.” ಮಾವ ಮುನಿರಾಜುವಿನ ಪಾದವನ್ನು ತೋರಿಸಿದರು. ಬೆರಳುಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿದ್ದವು. “ಬರಿಗಾಲಲ್ಲೇ ಬೆಳೆದ ಕಾಲು ಹೀಗಿರುತ್ತೆ. ನೆಲಾನ ಹಿಡ್ಕೊಂಡು ನಡೆಯುತ್ತೆ. ಚಪ್ಪಲಿ ಕಾಲೂ ಸುಮಾರು ಹೀಗೇ. ಸೌದೆ ಕೋಣೇಲಿ ಇರೋ ಹೆಜ್ಜೇಲಿ ಐದೂ ಬೆರಳು ಒಂದಕ್ಕೊಂದು ಒತ್ಕೊಂಡಿವೆ, ಕಿರುಬೆರಳು ಪಕ್ಕದ್ದರ ಕೆಳಗೆ ಸೇರ್ಕೊಂಡಿದೆ. ಮೂರು ತಿಂಗಳ ಬೂಟಿಗೆ ಹಾಗಾಗಲ್ಲ. ಚಿಕ್ಕಂದಿನಿಂದ ಷೂನಲ್ಲೇ ಬೆಳೆದ ಕಾಲದು. ಈ ಕ್ಲಬ್ಬಲ್ಲಿ ಅಂಥ ಕಾಲು ಎರಡೇ ಇರಬಹುದು. ಒಂದು ನಿಮ್ಮದು. ನೆಲ ಹಸಿ ಇದ್ದಾಗ ನೀವು ಕಚೇರೀಲಿದ್ರಿ. ಇನ್ನೊಂದು ಈಗ ಚಪ್ಪಡಿ ಮೇಲೆ ನಡೆದು ಬಂತು. ಕಡ್ಡಿ ಸರಿಹೋಯ್ತು.”

“ಷೂ ಹಾಕೋನು ಬರಿಗಾಲಲ್ಲಿ ಯಾಕೆ ಬಂದ ಮಾವ?”

“ಸಾರಿಸಿದ ನೆಲ ಕಣೋ! ಒದ್ದೆ ನೆಲ ಕಂಡ್ರೆ ನಮ್ಮ ಮನೆಗಳಲ್ಲಿ ಬೆಳೆದೋನು ಷೂ ಕಾಲು ಇಡ್ತಾನಾ? ಕದಿಯೋಕೆ ಬಂದೋನು ಹೊಸ್ತಿಲಾಚೆ ಷೂ ಬಿಚ್ಚಿಟ್ಟು ಒಳಗೆ ಹೋಗಿದಾನೆ. ತಾಯಿ ಕಲಿಸಿದ್ದು ಮರೆತಿದ್ರೆ ನಂಗೂ ಸಿಕ್ತಿರ್ಲಿಲ್ಲ.”

ಪಂಚಾಕ್ಷರಿ ತಲೆ ಎತ್ತಲಿಲ್ಲ. “ನಮ್ಮನೇಲಿದೆ ಸಾರ್. ಮಂಚದ ಕೆಳಗೆ. ಒಂದು ವರ್ಷ ತಡವಾದ್ರೆ ಮುನಿ ಬೂಟು ಕಲೀತಾನೆ ಅಂತ... ಅವರಪ್ಪ ಹುರುಳಿ ಬಿತ್ತಿದ್ದ ಹೊಲ ಸಾರ್ ಅದು, ನಮ್ಮ ಮೈದಾನ. ಅವನನ್ನ ಗೆರೆ ಆಚೆ ನಿಲ್ಲಿಸಿ ನಾವು ಅದ್ರಲ್ಲಿ ಆಡೋದಾ?”

ಮುನಿರಾಜು ಎಲೆಯಿಂದ ಕಣ್ಣೆತ್ತಿದ. “ಇವ್ರು ನನ್ನ ಅಂಗಿ ಹಿಡ್ದಾಗ ಅಲ್ಲೇ ಇದ್ಯಲ್ಲೋ.”

“ಬಾಯಿ ಬರ್ಲಿಲ್ಲ ಕಣೋ.”

“ನನ್ನ ಕಾಲ್ ಬಗ್ಗೆ ಇಷ್ಟೆಲ್ಲ ಯೋಚ್ನೆ ಮಾಡ್ದೆ. ನನ್ನ ಒಂದ್ಮಾತು ಕೇಳ್ಬಾರ್ದಾಗಿತ್ತಾ? ನಾನು ಆಡ್ದಿದ್ರೂ ಪರ್ವಾಗಿಲ್ಲ, ನಮ್ಮ ಟೀಮು ಲೀಗಲ್ಲಿ ಆಡೋದು ನೋಡ್ಬೇಕು ಅಂತಿದ್ದೆ ಕಣೋ. ಅದಕ್ಕೇ ಬಲೆ ಕಟ್ಟಿದ್ದು.”

“ನೀನು ಇವತ್ತು ಆಡೋದಿಲ್ಲ!” ಚನ್ನಮಲ್ಲಪ್ಪನವರು ಪಂಚಾಕ್ಷರಿಯತ್ತ ಬೆರಳು ಚಾಚಿದರು.

“ಆಡ್ಲಿ ಬಿಡಿ ಸಾರ್,” ಎಂದ ಮುನಿರಾಜು. “ಹತ್ತು ಜನ ಆದ್ರೆ ಅವರು ಒಪ್ತಾರಾ? ನಡಿಯೋ ಪಂಚ, ಚೀಲ ತರೋಣ. ನೀನೇ ಹೊರ್ಬೇಕು.”

ಚನ್ನಮಲ್ಲಪ್ಪನವರು ಮುನಿರಾಜುವಿನ ಹೆಗಲ ಮೇಲೆ ಕೈಯಿಟ್ಟು, “ತಪ್ಪಾತಪ್ಪ,” ಎಂದಷ್ಟೇ ಹೇಳಿದರು.

ನಾಲ್ಕಕ್ಕೆ ಮಹನೀಯರು ಬಂದರು. ನೆಲ ನೋಡಿದರು, ಬಲೆ ಎಳೆದು ನೋಡಿದರು, ಬೂಟು ಎಣಿಸಿದರು. ಹನ್ನೊಂದು ಜೊತೆ. ಇಪ್ಪತ್ತು ನಿಮಿಷ ಆಡಿಸಿದರು. ಅಷ್ಟರಲ್ಲಿ ಚೆಂಡು ಎರಡು ಸಲ ನನ್ನನ್ನು ದಾಟಿ ಹೋಯಿತು. ಎರಡು ಸಲವೂ ಗೆರೆಯಾಚೆಯಿಂದ “ಎಡಕ್ಕೆ ಬಾರೋ, ಎಡಕ್ಕೆ!” ಎಂಬ ಕೂಗು ತಡವಾಗಿ ನನ್ನ ಕಿವಿಗೆ ಬಿತ್ತು.

ಆಟ ನಿಂತಾಗ ಮೂಗಿನ ದನಿಯ ಮಹನೀಯರು ಆ ಕೂಗಿದವನತ್ತ ತಿರುಗಿದರು. ಧೂಳು ಮೆತ್ತಿದ ಬರಿಗಾಲುಗಳನ್ನು ನೋಡಿದರು.

“ನೀವು ಯಾರು?”

“ಈ ಟೀಮಿನ ಬ್ಯಾಕು ಸಾರ್,” ಎಂದ ಮುನಿರಾಜು. “ಈ ವರ್ಷ ಆಚೆ ನಿಂತಿದೀನಿ.”