ಒಂಬತ್ತು ವಾರದ ಫಾರ್ಮು

“ಐದು ಮ್ಯಾಚು ನೋಡಿ ಏನು ಹೇಳೋಕಾಗುತ್ತೆ ಸಾರ್? ಈ ಹುಡುಗಿ ಆಟ ಹೀಗೇ ಉಳಿಯುತ್ತೆ ಅಂತ ನಾನಂತೂ ಬರೆದುಕೊಡಲ್ಲ.”

ಬಾಸ್ಕೆಟ್ ಕಂಬದ ಹಿಂದೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ ನನಗೆ ಪ್ರತಿ ಅಕ್ಷರವೂ ಕೇಳಿಸಿತು. ಹೇಳಿದವರು ನಮ್ಮ ಜಯನಗರದ ಕ್ಲಬ್ಬಿನಲ್ಲಿ ಸ್ಕೋರ್ ಬರೆಯುವ ಸೇತುರಾಮ ಮೇಷ್ಟ್ರು. ಕೇಳಿದವರು ರಾಜ್ಯ ತಂಡದ ಸೆಲೆಕ್ಟರ್ ಬೈಲಪ್ಪ. ಆ ಹುಡುಗಿ ನಾನೇ, ಪಂಕಜಾ.

ಮೈಯೆಲ್ಲ ಉರಿದುಹೋಯಿತು. ಎರಡು ವರ್ಷ ಬೆಂಚಿನ ಮೇಲೆ ಕೂತು ಬೇರೆಯವರ ಟವೆಲ್ಲು ಕಾದವಳು ನಾನು. ಹಗಲೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸಿ, ಸಂಜೆ ಓಡಿಬಂದು ಆಡುತ್ತಿದ್ದೆ. ಈಗ, ೧೯೮೫ರಲ್ಲಿ, ಐದು ವಾರದಿಂದ ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು ಅಂತ ಪಾಯಿಂಟ್ ಬರುತ್ತಿತ್ತು. ಮನೆಯಲ್ಲಿ ಅಪ್ಪ ಬೇರೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: ಈ ಸಲ ರಾಜ್ಯ ತಂಡಕ್ಕೆ ಸೇರಿದರೆ ಸರಿ, ಇಲ್ಲದಿದ್ದರೆ ಶೂ ಅಟ್ಟಕ್ಕೆ. ಅಂಥ ಹೊತ್ತಿನಲ್ಲಿ ಈ ಮೇಷ್ಟ್ರ ಬಾಯಿಗೆ ಏನು ಬಂದಿತ್ತು ಅಂತ!

ಬೈಲಪ್ಪ ಸ್ಕೂಟರ್ ಹತ್ತಿ ಹೋದದ್ದೇ ತಡ, ಮೇಜಿನ ಮುಂದೆ ಹೋಗಿ ನಿಂತೆ.

“ರೀ ಮೇಷ್ಟ್ರೇ, ನನ್ನ ಆಟ ಉಳಿಯಲ್ವಾ?”

ಅವರು ಬೆಚ್ಚಿ ತಲೆಯೆತ್ತಿದರು. ಕನ್ನಡಕದ ಹಿಂದೆ ದೊಡ್ಡ ಕಣ್ಣು, ಕಿವಿಯ ಮೇಲೆ ಪೆನ್ಸಿಲ್ಲು, ಪ್ಯಾಂಟಿನ ಕಾಲಿಗೆ ಸೈಕಲ್ ಕ್ಲಿಪ್ಪು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವರು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಉಳಿಯಲ್ಲ ಅನ್ನಲಿಲ್ಲ. ಗೊತ್ತಿಲ್ಲ ಅಂದೆ.”

“ಸುಮ್ನೆ ಉಳಿಯುತ್ತೆ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಸುಳ್ಳಾಗ್ತಿತ್ತು.” ಸ್ಕೋರ್ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. “ನೋಡಿ. ಓಡ್ತಾ ಹೊಡೆದಿದ್ದೆಲ್ಲ ಬೀಳ್ತಿದೆ. ಆದ್ರೆ ಫ್ರೀ ಥ್ರೋ? ಯಾರೂ ಅಡ್ಡ ಇಲ್ಲ, ಗೆರೆ ಹಿಂದೆ ನಿಂತು ಆರಾಮಾಗಿ ಹೊಡೀಬಹುದು. ಮೊದಲೂ ಹತ್ತಕ್ಕೆ ನಾಲ್ಕು, ಈಗಲೂ ನಾಲ್ಕೇ. ಕೈ ನಿಜವಾಗ್ಲೂ ಸುಧಾರಿಸಿದ್ರೆ ಮೊದಲು ಅಲ್ಲಿ ಕಾಣಬೇಕಿತ್ತು.”

ಲೆಕ್ಕ ಸರಿಯಾಗಿಯೇ ಇತ್ತು. ಎದುರಿನವರ ಲೆಕ್ಕ ಸರಿಯಿದ್ದರೆ ನನಗೆ ಇನ್ನೂ ಕೋಪ ಜಾಸ್ತಿ.

“ನಾಳೆ ಬೆಳಿಗ್ಗೆ ಆರು ಗಂಟೆಗೆ ಇಲ್ಲಿಗೆ ಬರ್ತೀನಿ. ದಿನಾ ಇನ್ನೂರು ಹೊಡೀತೀನಿ. ನೀವೇ ಎಣಿಸಿ.”

“ಚೆಂಡು ಯಾರು ಹೆಕ್ಕಿಕೊಡ್ತಾರೆ?”

“ಬಾಯಿ ಬಿಟ್ಟವರು ಯಾರೋ ಅವರು.”

ಮೇಷ್ಟ್ರು ನಕ್ಕರು. ನಗುವಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಅಂತ ಅವತ್ತೇ ಗೊತ್ತಾದದ್ದು. ಹಾಳಾದ್ದು, ಅದು ಕಣ್ಣಿಗೆ ಬೀಳದೇ ಇದ್ದಿದ್ದರೆ ಕೋಪ ಇನ್ನೊಂದು ವಾರವಾದರೂ ಬಾಳುತ್ತಿತ್ತು.

ನನ್ನ ಆಟ ಸುಧಾರಿಸಿದ್ದಕ್ಕೆ ಮನೆಯಲ್ಲಿ ಬೇರೆಯದೇ ಕಾರಣ ಹೇಳುತ್ತಿದ್ದರು. ನನ್ನ ಮದುವೆಯಾಗಲಿ ಅಂತ ಅಮ್ಮ ಬನಶಂಕರಿ ಅಮ್ಮನಿಗೆ ಹರಕೆ ಹೊತ್ತಿದ್ದಳು. ಒಂಬತ್ತು ಮಂಗಳವಾರ, ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ. ಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆ ಮಗುಚಿ, ತುಪ್ಪ ಹಾಕಿ ಬತ್ತಿ ಹಚ್ಚುವುದು. ಮೊದಲ ದೀಪ ಹಚ್ಚಿದ ವಾರವೇ ನಾನು ಹದಿನೆಂಟು ಪಾಯಿಂಟ್ ಹೊಡೆದೆ. ಎರಡನೆಯ ವಾರ ಇಪ್ಪತ್ತು.

“ನಾನು ಗಂಡು ಕೇಳಿದ್ರೆ ತಾಯಿ ಬಾಸ್ಕೆಟ್ ಕೊಟ್ಟಳಲ್ಲೇ!” ಅಂತ ಅಮ್ಮ ಹಣೆ ಚಚ್ಚಿಕೊಂಡಳು.

ಅದು ಹೇಗೋ ಕ್ಲಬ್ಬಿಗೆ ಗೊತ್ತಾಯಿತು. ಇನ್ನು ಕೇಳಬೇಕೆ? ನಾನು ಚೆಂಡು ಹಾಕಿದರೆ “ದೀಪ! ದೀಪ!” ಅಂತ ಹುಡುಗಿಯರು ಕೂಗುವರು. ಹರಕೆ ಮುಗಿಯುವುದು ಒಂಬತ್ತನೆಯ ಮಂಗಳವಾರ. ಸೆಲೆಕ್ಷನ್ ಮ್ಯಾಚು ಅದಾದ ಮೇಲಿನ ಭಾನುವಾರ. ದೀಪ ಮುಗಿದ ಮೇಲೆ ಪಂಕಜಾ ಏನು ಆಡ್ತಾಳೆ ಅನ್ನುವುದೇ ಎಲ್ಲರಿಗೂ ಚಿಂತೆ. ನಾನು ಬೆವರು ಸುರಿಸುವುದು, ಹೆಸರು ನಿಂಬೆಹಣ್ಣಿಗೆ!

ಬೆಳಿಗ್ಗೆ ಆರಕ್ಕೆ ಕೋರ್ಟಿನ ಸಿಮೆಂಟು ತಣ್ಣಗಿರುತ್ತಿತ್ತು. ಮೇಷ್ಟ್ರು ನನಗಿಂತ ಮೊದಲೇ ಬಂದು ಸೈಕಲ್ಲಿಗೆ ಒರಗಿ ನಿಂತಿರುತ್ತಿದ್ದರು. ನಾನು ಹೊಡೆಯುವುದು, ಅವರು ಹೆಕ್ಕಿ ಎರಡೂ ಕೈಯಲ್ಲಿ ಒಮ್ಮೆ ಪುಟಿಸಿ ಕೊಡುವುದು. ಚೆಂಡು ನನ್ನ ಕೈಗೆ ಬರುವ ತನಕ ಅವರ ಕಣ್ಣು ಚೆಂಡಿನ ಮೇಲೆ. ಬಂದ ಮೇಲೆ ಒಂದು ಕ್ಷಣ ನನ್ನ ಮೇಲೆ. ಆ ಒಂದು ಕ್ಷಣ ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು. ನಾನೇನೂ ಎಣಿಸಲಿಲ್ಲ, ಆದರೆ ನನಗೆ ಗೊತ್ತಾಗುತ್ತಿತ್ತು.

“ಏನು ನೋಡ್ತಿದೀರಿ ಮೇಷ್ಟ್ರೇ?”

“ಮೊಣಕೈ ಹೊರಗೆ ಹೋಗ್ತಿದೆ.”

“ಮೊಣಕೈ ನನ್ನ ಮುಖದ ಮೇಲಿದೆಯಾ?”

ಕಿವಿ ಕೆಂಪಗಾಯಿತು ಪಾಪ. ಮುಂದಿನ ಚೆಂಡು ಅವರ ಕೈಜಾರಿ ಚರಂಡಿಗೆ ಹೋಯಿತು.

ಎರಡನೆಯ ವಾರ ಹತ್ತಕ್ಕೆ ಆರು. ಮೂರನೆಯ ವಾರ ಏಳು. ಒಂದು ದಿನವೂ ಅವರು ಒಂದನ್ನೂ ಹೆಚ್ಚು ಎಣಿಸಲಿಲ್ಲ. “ರಿಮ್ಮಿಗೆ ತಾಗಿ ಈಚೆ ಬಂತು, ಅದು ಇಲ್ಲ,” ಅನ್ನುವರು. ನಾನು ಜಗಳ ತೆಗೆಯುವೆ. ಅವರು ಜಗ್ಗುವವರಲ್ಲ.

ಒಂಬತ್ತನೆಯ ದೀಪ ಹಚ್ಚಿದ ಮಾರನೆಯ ದಿನ ನಮ್ಮ ಕೋಚ್ ಗುಂಡಣ್ಣ ಎರಡು ಡಜನ್ ನಿಂಬೆಹಣ್ಣು ಹಿಡಿದು ಬನಶಂಕರಿಯ ನಮ್ಮ ಮನೆಗೇ ಬಂದರು.

“ಸೀತಮ್ಮನೋರೇ, ದಯವಿಟ್ಟು ಇನ್ನೊಂದೇ ಒಂದು ದಿನ ಹಚ್ಚಿಬಿಡಿ. ಶುಕ್ರವಾರವೂ ನಡೆಯುತ್ತೆ ಅಂತ ವಿಚಾರಿಸಿದೀನಿ.”

“ಹೊತ್ತಿದ್ದು ಒಂಬತ್ತು, ಮುಗೀತು,” ಅಂದಳು ಅಮ್ಮ. “ಹತ್ತನೇದು ಹಚ್ಚಿದ್ರೆ ತಾಯಿ ಏನಂದ್ಕೋತಾಳೆ? ಒಂಬತ್ತು ಸಾಲಲಿಲ್ಲ ಅಂತ ಬೇಜಾರಾಗಲ್ವಾ?”

ಗುಂಡಣ್ಣ ಚೀಲ ಬಿಟ್ಟು ಕೈಮುಗಿದು ಹೋದರು. ನಾನು ಚಾಕು ತಗೊಂಡೆ. ಇಪ್ಪತ್ನಾಲ್ಕು ಹಣ್ಣನ್ನೂ ಕೊಯ್ದು, ಹಿಂಡಿ, ಸಂಜೆ ಒಂದು ಕ್ಯಾನ್ ತುಂಬ ಶರಬತ್ತು ಮಾಡಿಕೊಂಡು ಕೋರ್ಟಿಗೆ ಹೋದೆ.

“ಕುಡೀರಿ ಎಲ್ಲಾರೂ! ದೀಪದ ಹಣ್ಣು!”

ಯಾರೂ ಮುಟ್ಟಲಿಲ್ಲ. ಗುಂಡಣ್ಣ ಕೆನ್ನೆ ಕೆನ್ನೆ ಬಡಿದುಕೊಂಡರು. ಹುಡುಗಿಯರು ಎರಡು ಹೆಜ್ಜೆ ಹಿಂದೆ ಸರಿದರು. ಲೋಟ ಹಿಡಿದ ನನ್ನ ಕೈ ಹಾಗೇ ಚಾಚಿಕೊಂಡಿತ್ತು. ಇಷ್ಟು ಜನರಲ್ಲಿ ಒಬ್ಬರಿಗೂ ನನ್ನ ಕೈ ಮೇಲೆ ನಂಬಿಕೆ ಇಲ್ಲವೇ?

ಮೇಷ್ಟ್ರು ಮೇಜು ಬಿಟ್ಟು ಎದ್ದು ಬಂದರು. ಲೋಟ ತಗೊಂಡು ಗಟಗಟ ಕುಡಿದರು. ಇನ್ನೊಂದು ಲೋಟ ಬಗ್ಗಿಸಿಕೊಂಡು ಅದನ್ನೂ ಕುಡಿದರು.

“ಸಕ್ಕರೆ ಸ್ವಲ್ಪ ಕಮ್ಮಿ,” ಅಂದರು.

ಅವತ್ತು ಅಲ್ಲೇ, ಅಷ್ಟು ಜನರ ಮಧ್ಯೆ, ನನಗೆ ಈ ಮನುಷ್ಯ ಬೇಕು ಅನ್ನಿಸಿಬಿಟ್ಟಿತು.

ಭಾನುವಾರ. ಮೊದಲ ಅರ್ಧದಲ್ಲಿ ನಾನು ಹನ್ನೆರಡು ಸಲ ಹೊಡೆದೆ, ಎರಡು ಬಿತ್ತು. ಇಡೀ ಅಂಗಳ ಪಿಸುಗುಟ್ಟುತ್ತಿತ್ತು. “ದೀಪ ಆರಿತು ಕಣೇ,” ಅಂತ ನಮ್ಮವರೇ ಅನ್ನುವುದು ಕೇಳಿಸಿತು. ಬೈಲಪ್ಪ ಗಡ್ಡ ಕೆರೆದುಕೊಳ್ಳುತ್ತಾ ಬೇರೆ ಹುಡುಗಿಯರನ್ನು ನೋಡುತ್ತಿದ್ದರು.

“ಪಂಕಜಾ, ಕೂತ್ಕೊಳ್ಳಮ್ಮ. ಈವತ್ತು ನಿಂದಲ್ಲ,” ಅಂದರು ಗುಂಡಣ್ಣ.

“ಕೂರಲ್ಲ.”

“ಏನಂದೆ?”

“ಕೂರಲ್ಲ ಸಾರ್. ಎರಡು ವರ್ಷ ಕೂತಿದೀನಿ, ಸಾಕು. ಐದು ನಿಮಿಷ ಕೊಡಿ, ಆಮೇಲೆ ಬೇಕಾದ್ರೆ ಕ್ಲಬ್ಬಿಂದಲೇ ಹಾಕಿ.”

ಸ್ಕೋರ್ ಮೇಜಿಗೆ ಹೋದೆ. ಮೇಷ್ಟ್ರು ತಲೆಯೆತ್ತಲಿಲ್ಲ. ಮ್ಯಾಚ್ ನಡೆಯುವಾಗ ಅವರು ಯಾರ ಕಡೆಗೂ ನೋಡುವವರಲ್ಲ, ನನ್ನ ಕಡೆಗಂತೂ ಇಲ್ಲವೇ ಇಲ್ಲ.

“ನನ್ನ ತಡೀತಿರೋ ಆ ಉದ್ದನೆಯವಳಿಗೆ ಎಷ್ಟು ಫೌಲು?”

“ಮೂರು.” ಯಾರು ಕೇಳಿದರೂ ಹೇಳಬೇಕಾದ ಲೆಕ್ಕ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಆದರೆ ಪೆನ್ಸಿಲ್ ಹಿಡಿದ ಬೆರಳು ಬೆಳ್ಳಗಾಗಿತ್ತು.

ನನಗೆ ಅಷ್ಟೇ ಸಾಕಾಯಿತು. ಇನ್ನೆರಡಾದರೆ ಅವಳು ಆಟದಿಂದ ಹೊರಗೆ. ದೂರದಿಂದ ಹೊಡೆಯುವುದು ಬೀಳುತ್ತಿಲ್ಲವಾ? ಬೀಳದಿದ್ದರೆ ಬೇಡ. ಎರಡನೆಯ ಅರ್ಧದಲ್ಲಿ ಚೆಂಡು ಸಿಕ್ಕಾಗಲೆಲ್ಲ ನೇರ ಅವಳ ಮೇಲೇ ನುಗ್ಗಿದೆ. ಅವಳು ಕೈ ಹಾಕಿದಳು, ನಾನು ಬಿದ್ದೆ, ಎದ್ದೆ, ಫ್ರೀ ಥ್ರೋ ಗೆರೆಗೆ ಹೋದೆ. ಮತ್ತೆ ನುಗ್ಗಿದೆ. ಮಂಡಿ ತರಚಿತು. ಐದನೆಯ ಫೌಲಿಗೆ ಅವಳು ಹೊರಗೆ ಹೋದಳು, ಅವಳ ಜಾಗಕ್ಕೆ ಬಂದವಳೂ ನನ್ನನ್ನು ಬೀಳಿಸಿದಳು. ಗೆರೆಯ ಹಿಂದೆ ನಿಂತಾಗ ಮಾತ್ರ ಕೈ ನಡುಗಲಿಲ್ಲ. ನಾಲ್ಕು ವಾರದ ಬೆಳಗು ಆ ಕೈಯಲ್ಲಿತ್ತು.

ಹದಿನಾಲ್ಕು ಫ್ರೀ ಥ್ರೋ, ಹನ್ನೆರಡು ಬಿತ್ತು. ನಾವು ಒಂದು ಪಾಯಿಂಟಿನಿಂದ ಸೋತೆವು.

ಬೈಲಪ್ಪ ಮೇಜಿನ ಹತ್ತಿರ ಬಂದರು. “ಮೇಷ್ಟ್ರೇ, ಒಂಬತ್ತು ವಾರದಿಂದ ನೋಡಿದೀರಿ. ಕಮಿಟಿಗೆ ನಾನೇನು ಹೇಳಲಿ?”

ಮೇಷ್ಟ್ರು ಪುಸ್ತಕ ಮುಂದಕ್ಕೆ ತಳ್ಳಿದರು. “ಅಂಕಿ ಎಲ್ಲಾ ಇದರಲ್ಲಿದೆ ಸಾರ್. ಅಭಿಪ್ರಾಯ ಮಾತ್ರ ನನ್ನ ಕೇಳಬೇಡಿ. ಇನ್ಮೇಲೆ ಇವರು ಆಡೋ ಮ್ಯಾಚಿಗೆ ನಾನು ಸ್ಕೋರ್ ಬರೆಯೋ ಹಾಗೂ ಇಲ್ಲ.”

“ಯಾಕಪ್ಪಾ?”

“ಇವರನ್ನ ಮದುವೆ ಆಗಬೇಕು ಅಂತಿದೀನಿ. ಸ್ಕೋರರ್ ಆದವನು ಒಂದು ಕಡೆಯವನಾಗಬಾರದು. ಈಗಷ್ಟೇ ವಿಸಿಲ್ ಹೊಡೆದ್ರಲ್ಲ, ಅಲ್ಲೀತನಕ ನಾನು ಯಾರ ಕಡೆಗೂ ಇರಲಿಲ್ಲ. ಈಗ ಇದೀನಿ.”

ಗುಂಡಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ.

“ರೀ ಮೇಷ್ಟ್ರೇ! ಸೆಲೆಕ್ಟರಿಗೆ ಹೇಳ್ತೀರಿ, ಕೋಚಿಗೆ ಕೇಳೋ ಹಾಗೆ ಹೇಳ್ತೀರಿ. ನನ್ನ ಕೇಳಿದ್ರಾ?”

“ಕೇಳ್ತೀನಿ. ಆಗ್ತೀರಾ?”

“ಮದುವೆ ಆದ್ಮೇಲೂ ಆಡ್ತೀನಿ.”

“ಆಡಿ.”

“ಚೆನ್ನಾಗಿ ಆಡದಿದ್ರೂ ಆಡ್ತೀನಿ.”

“ಅದಕ್ಕೇ ಕೇಳ್ತಿರೋದು. ಹನ್ನೆರಡಕ್ಕೆ ಎರಡು ಹೊಡೆದು ‘ಕೂರಲ್ಲ’ ಅಂದ್ರಲ್ಲ, ನಂಗೆ ಪೆನ್ಸಿಲ್ ಹಿಡಿಯೋಕಾಗಲಿಲ್ಲ.”

ಕಣ್ಣು ತುಂಬಿತು. ಅಳುವುದು ಕಾಣಬಾರದು ಅಂತ ಬೈಲಪ್ಪನವರ ಕಡೆ ತಿರುಗಿದೆ. “ತಡೀರಿ ಮೇಷ್ಟ್ರೇ. ಮೊದಲು ನನ್ನ ಆಟದ್ದು ಇತ್ಯರ್ಥ ಆಗಲಿ. ಸಾರ್, ನನ್ನ ಆಟದ ಬಗ್ಗೆ ನನ್ನನ್ನೇ ಕೇಳಿ.”

ಬೈಲಪ್ಪ ಹುಬ್ಬೇರಿಸಿದರು. “ಸರಿನಮ್ಮ, ನೀನೇ ಹೇಳು. ಈ ಫಾರ್ಮು ಉಳಿಯುತ್ತಾ?”

“ಗೊತ್ತಿಲ್ಲ ಸಾರ್. ಹೋದ್ರೆ ನಾನೇ ಹೋಗಿ ಎಳ್ಕೊಂಡು ಬರ್ತೀನಿ.”

ಅವರು ನನ್ನ ತರಚಿದ ಮಂಡಿ ನೋಡಿದರು. ಜೇಬಿನಿಂದ ಮಡಚಿದ ಚೀಟಿ ತೆಗೆದು, ಹನ್ನೊಂದು ಹೆಸರಿನ ಕೆಳಗೆ ಹನ್ನೆರಡನೆಯದನ್ನು ಬರೆದು ನನಗೆ ತೋರಿಸಿದರು.

ನಾನು ಓದಿದೆ. ಇನ್ನೊಂದು ಸಲ ಓದಿದೆ. ಆಮೇಲೆ ಇಡೀ ಕ್ಲಬ್ಬು ನೋಡುತ್ತಿರುವಾಗಲೇ ಮೇಜಿನಾಚೆ ಕೈಚಾಚಿ ಮೇಷ್ಟ್ರ ಕೈ ಹಿಡಿದೆ.

“ಹೂಂ,” ಅಂದೆ. “ಆಗ್ತೀನಿ.”