ನಲವತ್ತು ಹರಳು

ಸುದ್ದಿ ಬಂದದ್ದು ಗುರುವಾರ. ಸಂತಪುರದ ಆಸ್ಪತ್ರೆಯಲ್ಲಿ ಅಂದು ಕೂಸುಗಳಿಗೆ ಲಸಿಕೆ ಹಾಕುವ ದಿನ. ನರ್ಸ್ ಸಿದ್ದೇಶ್ವರಿ ಒಂದು ಕೂಸಿನ ತೊಡೆಗೆ ಸೂಜಿ ಚುಚ್ಚಿ, ಹತ್ತಿ ಒತ್ತಿ ಹಿಡಿದಿದ್ದಳು. ಕುರಿ ಕಾಯುವ ಕಾಶೀರಾಮ ಕಾಕಾ ತೊಯ್ದ ಮೈಯಲ್ಲೇ ಬಂದು ಬಾಗಿಲಲ್ಲಿ ನಿಂತ.

"ಔರಾದ ಕಡಿ ಹೊಲದಾಗ ಸಿಡ್ಲು ಬಡೀತ್ರಿ ಸಿಸ್ಟರ್," ಎಂದ. "ವೈಜಿನಾಥ ಹ್ವಾದ."

ಸಿದ್ದೇಶ್ವರಿ ಹತ್ತಿ ಬಿಡಲಿಲ್ಲ. "ಬಿಡ್ರಿ ಸಿಸ್ಟರ್, ರಕ್ತ ನಿಂತದ," ಎಂದು ಕೂಸಿನ ತಾಯಿಯೇ ಅವಳ ಬೆರಳು ಸರಿಸಬೇಕಾಯಿತು.

ವೈಜಿನಾಥನ ಜೊತೆ ಅವಳ ಮದುವೆಗೆ ಹನ್ನೊಂದು ದಿನ ಉಳಿದಿತ್ತು. ಮದುವೆಯ ದಿನ ಅವನ ಮುಂದೆ ಒಪ್ಪಿಕೊಳ್ಳಬೇಕೆಂದಿದ್ದ ತಪ್ಪೊಂದು ಅವಳ ಎದೆಯಲ್ಲೇ ಉಳಿಯಿತು.

ಭಾಲ್ಕಿಯ ಹುಡುಗಿ ಅವಳು. ಸಂತಪುರಕ್ಕೆ ಕೆಲಸಕ್ಕೆ ಬಂದವಳು ಗಂಗುಬಾಯಿಯ ಮನೆಯಲ್ಲಿ ಬಾಡಿಗೆಗೆ ಕೋಣೆ ಹಿಡಿದಳು. ಗಂಗುಬಾಯಿಯ ಮಗ ವೈಜಿನಾಥ. ಚಿಕ್ಕಂದಿನಲ್ಲಿ ಕೀವಾಗಿ ಅವನ ಬಲಮೊಣಕಾಲು ಮಡಚಿದಂತೆಯೇ ಕೂತುಬಿಟ್ಟಿತ್ತು. ತೊಡೆಗೆ ಕೈಯೂರಿ, ಬಾಗಿ ನಡೆಯುತ್ತಿದ್ದ. ಕುರಿಗಳ ಹಿಂದೆ ದೂರ ಹೋಗಲಾರ. ಸಂಜೆ ಹಟ್ಟಿಯ ಬಾಗಿಲಲ್ಲಿ ಕೂತು ಇಪ್ಪತ್ತು ಕುರಿಗೆ ಒಂದು ಹರಳುಗಲ್ಲಿನಂತೆ ಸಂಚಿಗೆ ಹಾಕಿ ಎಣಿಸುವುದೇ ಅವನ ಪಾಲಿನ ಕೆಲಸ.

ಮೊದಲ ದಿನವೇ ಅವನು ಕೇಳಿದ್ದ. "ಏನ್ ನೋಡ್ತೀರಿ ಸಿಸ್ಟರ್?"

"ನಿಮ್ಮ ಮೊಣಕಾಲು."

"ಮಂದಿ ಮಾರಿ ನೋಡ್ತಾರ್ರಿ."

"ಮಾರಿ ಚಲೋನ ಅದರಿ. ರಿಪೇರಿ ಬೇಕಾಗಿದ್ದು ಮೊಣಕಾಲಿಗೆ."

ಅವನು ನಕ್ಕ. ಆ ನಗು ಅವಳ ಹಿಂದೆಯೇ ಕೋಣೆಯ ತನಕ ಬಂತು.

ಅವಳೇ ಬೀದರಿಗೆ ಕರೆದುಕೊಂಡು ಹೋದಳು. ಡಾಕ್ಟರು ಮೊಣಕಾಲ ಹಿಂದೆ ಬಿಗಿದದ್ದನ್ನು ಬಿಡಿಸಿ, ಎಲುಬಿಗೆ ತಂತಿ ಹಾಯಿಸಿ, ಕಾಲಿನ ಸುತ್ತ ಉಕ್ಕಿನ ಬಳೆಗಳನ್ನು ಕೂಡಿಸಿದರು. "ಕಾಲನ್ನು ಒಮ್ಮೆಲೇ ಎಳೆದರೆ ನರ, ರಕ್ತನಾಳ ಕೆಡುತ್ತವೆ," ಎಂದು ತಿಳಿಹೇಳಿದರು. "ದಿನಕ್ಕೆ ನಾಲ್ಕು ಸಲ ಈ ನಟ್ ಅಷ್ಟಷ್ಟೇ ತಿರುಗಿಸಬೇಕು. ಅರವತ್ತು ದಿನಕ್ಕೆ ಕಾಲು ನೆಟ್ಟಗಾಗುತ್ತದೆ."

ಪಾನಾ ಹಿಡಿದು ತಿರುಗಿಸುವ ಕೆಲಸ ಸಿದ್ದೇಶ್ವರಿಯದಾಯಿತು. ಮುಂಜಾನೆ, ಮಧ್ಯಾಹ್ನ, ಸಂಜೆ, ಊಟವಾದ ಮೇಲೆ. ಪ್ರತಿ ಸಲವೂ ಅವನ ಕಾಲ್ಬೆರಳು ಮುಟ್ಟಿ, "ಜೋಮು ಹಿಡದದೇನ್ರಿ?" ಎಂದು ಕೇಳುವಳು.

"ಕಾಲಿಗೆ ಇಲ್ರಿ," ಎನ್ನುವನು ಅವನು, ಕಣ್ಣು ಬೇರೆ ಕಡೆ ತಿರುಗಿಸಿ.

ತಿರುಗಿದ ಸುತ್ತಿಗೊಂದರಂತೆ ಅವನು ಹರಳು ಎಣಿಸಿಡುತ್ತಿದ್ದ. ಕುರಿ ಎಣಿಸುವವನ ರೂಢಿ.

ಇಪ್ಪತ್ತು ದಿನ ನೆಟ್ಟಗೆ ನಡೆಯಿತು. ಇಪ್ಪತ್ತೊಂದನೆಯ ಮಧ್ಯಾಹ್ನ ಬಿಸಿಲಿಗೆ ಕಾಲು ಬಾತಿತ್ತು. ಅವನು ನರಳಲಿಲ್ಲ. ಕಂಬಳಿಯ ಅಂಚು ಕಚ್ಚಿ ಕಣ್ಣು ಮುಚ್ಚಿದ. ಒಂದು ಹನಿ ಮೆಲ್ಲಗೆ ಇಳಿದು ಕಿವಿಗೆ ಹೋಯಿತು. ಸಿದ್ದೇಶ್ವರಿ ಪಾನಾವನ್ನು ನಟ್ಟಿಗೆ ತಾಗಿಸಿದಳು, ತಿರುಗಿಸದೆ ಎತ್ತಿಕೊಂಡಳು. "ಆಯ್ತ್ರಿ," ಎಂದಳು.

ಮರುದಿನ ಮಧ್ಯಾಹ್ನವೂ ಹಾಗೆಯೇ. ಅದರ ಮರುದಿನವೂ; ಅರವತ್ತನೆಯ ದಿನದ ತನಕ ದಿನಾ ಮಧ್ಯಾಹ್ನ ಹಾಗೆಯೇ. ಒಂದು ಡೋಸ್ ತಪ್ಪಿದರೆ ತಾಯಂದಿರನ್ನು ಗದರಿಸುವ ನರ್ಸು ತಾನೇ ನಲವತ್ತು ಸುತ್ತು ಕದ್ದಳು.

ಅರವತ್ತೊಂದನೆಯ ದಿನ ಬೀದರಿನಲ್ಲಿ ಎಕ್ಸ್‌ರೇ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. "ತಪ್ಪದೆ ತಿರುಗಿಸಿದ್ದೀರಾ? ಇನ್ನೂ ಹತ್ತು ದಿನ ಬೇಕಲ್ಲ." ಅವಳು ಹೌದೆಂದು ತಲೆಯಾಡಿಸಿದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಹತ್ತೇ ದಿನ ಅಲ್ಲೇನ್ರಿ, ಹೋಗ್ಲಿ ಬಿಡ್ರಿ," ಎಂದ ವೈಜಿನಾಥ. ಅವನ ಮೀಸೆಯಂಚಿನಲ್ಲಿ ಒಂದು ನಗುವಿತ್ತು. ಆ ನಗು ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಮುಂದೆ ತಪ್ಪದೆ ತಿರುಗಿಸಿದಳು. ಕೆಲವು ವಾರ ಕಳೆದು ಉಕ್ಕಿನ ಬಳೆ ಬಿಚ್ಚಿದರು, ಪಟ್ಟಿ ಕಟ್ಟಿ ನಿಲ್ಲಿಸಿದರು. ಅವನು ಎದ್ದ, ಇನ್ನೂ ಎದ್ದ. ಇಷ್ಟು ದಿನ ತಲೆ ತಗ್ಗಿಸಿ ಅವನನ್ನು ನೋಡಿದವಳು ಈಗ ತಲೆ ಎತ್ತಬೇಕಾಯಿತು.

"ಇಷ್ಟ ಎತ್ತರ ಅದೀರೇನ್ರಿ?"

"ಎಲ್ಲಿ ಮುಚ್ಚಿಟ್ಟಿದ್ದೆನೋ ಏನೋ!" ಎಂದು ನಕ್ಕ.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕೇಳಿದ. "ಭಾಲ್ಕಿ ಬಸ್ ಸ್ಟ್ಯಾಂಡಿನಿಂದ ನಿಮ್ಮ ಮನಿ ಎಷ್ಟು ದೂರ ಸಿಸ್ಟರ್? ಕೋಲಿಲ್ದ ನಡದು ಬಂದು ನಿಮ್ಮ ಅಪ್ಪಾರ ಮುಂದ ಕೂಡಬೇಕಂತೀನಿ."

"ಮೊದಲ ಸಿಸ್ಟರ್ ಅನ್ನೂದು ಬಿಡ್ರಿ," ಎಂದಳು ಅವಳು. ಕಿವಿಯ ತುದಿ ಕೆಂಪಾಗಿತ್ತು.

ನಡೆದೇ ಬಂದ. ಮದುವೆಯ ಮಾತು ಪಕ್ಕಾ ಆಯಿತು. ಹುಟ್ಟಿದಾರಭ್ಯ ಕುರಿಗಳ ಹಿಂದೆ ಹೋಗದ ಜೀವ, ಈಗ ದಿನಾ ಹೊರಟಿತು. ಬೇಡವೆನ್ನಲು ಯಾರಿಗೆ ಮನಸ್ಸು ಬರುತ್ತದೆ? ಹಾಗೆ ಹೊರಟ ಒಂದು ದಿನ ಮೋಡ ಕವಿಯಿತು.

ಅವನನ್ನು ಹೂಳಲು ಕುಣಿ ತೋಡುವವರಿಗೆ ಕಾಶೀರಾಮ ಹೇಳಿದ ಮಾತು ಅವಳ ಕಿವಿಗೆ ಬಿತ್ತು. "ಇನ್ನೀಟು ಉದ್ದ ತೆಗೀರಪ್ಪಾ. ಈಗ ಅಂವ ನೆಟ್ಟಗಾಗ್ಯಾನ."

ಮೂರನೆಯ ದಿನ ಮಣ್ಣಿಗೆ ಹಾಲು ಬಿಟ್ಟಾದ ಮೇಲೆ ಸಿದ್ದೇಶ್ವರಿ ಅಲ್ಲೇ ಗಂಗುಬಾಯಿಯ ಕಾಲ ಬಳಿ ಕೂತಳು. "ಅವ್ವಾ, ನಾ ಒಂದು ತಪ್ಪು ಮಾಡೀನಿ. ಅವರಿಗೆ ಹೇಳೂದ ಆಗ್ಲಿಲ್ಲ."

ಗಂಗುಬಾಯಿ ಜೊತೆಗೆ ತಂದ ಬುಟ್ಟಿಯಿಂದ ಎರಡು ಸಂಚಿ ತೆಗೆದು ಇಟ್ಟಳು. "ಈ ದೊಡ್ಡದು ನೀ ತಿರುಗಿಸಿದ್ದು. ಈ ಸಣ್ಣದು ತಿರುಗಿಸಲಾರದ್ದು. ನಲವತ್ತು ಅವ."

ಸಿದ್ದೇಶ್ವರಿ ಸಣ್ಣ ಸಂಚಿಯ ಮೇಲೆ ಕೈಯಿಟ್ಟಳು. "ಅವರಿಗೆ ಗೊತ್ತಿತ್ತೇನವ್ವಾ?"

"ಎಲುಬಿನಾಗ ತಂತಿ ಇದ್ದಾಂವಗ ಗೊತ್ತಾಗಲ್ದೇನ ಮಗಳ? ಡಾಕ್ಟರಿಗೆ ಹೇಳು ಅಂತ ನಾ ಬೈದೆ. 'ಸುಮ್ನಿರವ್ವ, ನಾಕು ಹರಳಿಗೆ ಒಂದು ದಿನ ಹೆಚ್ಚಾಗ್ತದ. ಅಷ್ಟು ದಿನ ಆಕಿ ನನ್ನ ಹತ್ರ ಕೂಡ್ತಾಳ' ಅಂದ. ಮದುವಿ ದಿನ ನಿನ್ನ ಉಡಿಯಾಗ ಹಾಕಿ ನಗಸಾಂವ ಇದ್ದ."

ಮುದುಕಿ ಸಂಚಿಯ ಬಾಯಿ ಬಿಚ್ಚಿದಳು. ಸಿದ್ದೇಶ್ವರಿ ಸೆರಗೊಡ್ಡಿದಳು. ನಲವತ್ತು ಹರಳು ಸಣ್ಣ ಸಪ್ಪಳ ಮಾಡುತ್ತ ಉಡಿಗೆ ಬಿದ್ದವು.

ಉಡಿ ಎದೆಗೊತ್ತಿಕೊಂಡು, ಹಸಿಮಣ್ಣಿನ ಮುಂದೆ ಅವಳು ತಲೆಬಾಗಿದಳು.

"ಮೈಲಾರದ ಮಲ್ಲಯ್ಯಾ, ನನ್ನ ತಪ್ಪು ಅವರು ಎಣಿಸಿಟ್ಟು ಮಾಫ್ ಮಾಡ್ಯಾರ. ನೀನೂ ಮಾಡು. ಈಗ ನಿನ್ನ ಹಟ್ಟಿಗೆ ಬಂದಾರ. ನೆಟ್ಟಗ ನಡೀಬೇಕಂತ ಆಸಿಪಟ್ಟ ಜೀವ ತಂದೆ, ಇನ್ನ ಯಾವ ನೋವೂ ಮುಟ್ಟಬಾರದು. ಅವರ ಆತ್ಮಕ್ಕ ಶಾಂತಿ ಕೊಡು."